ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣ ಕೊಡಬೇಕೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (2013) ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ವ್ಯವಸ್ಥೆಯಿದೆ. ಉಳಿದ ದಿನಗಳಲ್ಲಿ ನರ್ಸ್ ಕೆಲಸ ಹೆಚ್ಚಾಗಿ ಶಿಕ್ಷಕರದೇ.

ಫಿಟ್ಸ್ ಬಂದರೆ ನಮ್ಮಲ್ಲಿ ಹಲವರು ಕೈಗೆ ಕೀಲಿಕೈ ಕೊಡುತ್ತೇವೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತೇವೆ. ಫಿಟ್ಸ್ ಎಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು. ಕಬ್ಬಿಣ ಅದನ್ನು ತಡೆಯದು. ಸಾಮಾನ್ಯವಾಗಿ ಅದು ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ!

ಹಾಗಾದರೆ ಏನು ಮಾಡಬೇಕು? ಗಡಿಯಾರ ನೋಡಿಕೊಳ್ಳಿ. ಹತ್ತಿರದ ಬೆಂಚು ಸರಿಸಿ, ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಮೆತ್ತನೆಯ ಬಟ್ಟೆ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ನೀರು ಹಾಕಬೇಡಿ. ಮೊದಲ ಸಲ ಬಂದಿದ್ದರೆ, 5 ನಿಮಿಷ ದಾಟಿದರೆ ಅಥವಾ ಮರುಕಳಿಸಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.