ತಾತ, ಈ ಕಲ್ಲನ್ನು ಮೇಲಕ್ಕೆ ಹೇಗೆ ತಂದರು? – ನಮ್ಮ ಬೆಟ್ಟ, ಬಸದಿಗಳ ಬಗ್ಗೆ ಮಕ್ಕಳಿಗೆ ತಿಳಿಸಬೇಕಾದ ಸಂಗತಿಗಳು



ಕೆಲವು ವರ್ಷಗಳ ಹಿಂದೆ ನಮ್ಮೂರಿನ ಪಾಠಶಾಲೆಯ ಮಕ್ಕಳನ್ನು ಶ್ರವಣಬೆಳಗೊಳದ ಯಾತ್ರೆಗೆ ಕರೆದುಕೊಂಡು ಹೋಗಿದ್ದೆವು. ದೊಡ್ಡಬೆಟ್ಟ ಹತ್ತಿ, ಸ್ವಾಮಿಯ ದರ್ಶನ ಮುಗಿಸಿ, ಸುತ್ತಾಲಯದ ನೆರಳಿನಲ್ಲಿ ಕುಳಿತಾಗ ಐದನೇ ಕ್ಲಾಸಿನ ಹುಡುಗಿಯೊಬ್ಬಳು, "ತಾತ, ಇಷ್ಟು ದೊಡ್ಡ ಮೂರ್ತೀನ ಮೇಲಕ್ಕೆ ಹೇಗೆ ತಂದ್ರು?" ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸದೆ, "ಆನೆಗಳ ಕೈಲಿ ಎಳೆಸಿದ್ರು ಮಗೂ" ಎಂದುಬಿಟ್ಟೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಊರಿಗೆ ಬಂದ ಮೇಲೆ ಪುಸ್ತಕ ತೆಗೆದು ನೋಡಿದರೆ ನಾನು ಹೇಳಿದ್ದು ಪೂರ್ತಿ ತಪ್ಪು. ಅಷ್ಟರಲ್ಲಿ ಅವಳು ಶಾಲೆಯಲ್ಲಿ ಅದನ್ನೇ ಪ್ರಬಂಧವಾಗಿ ಓದಿ ಚಪ್ಪಾಳೆ ಗಿಟ್ಟಿಸಿಯೂ ಆಗಿತ್ತು. ಮುಂದಿನ ಭಾನುವಾರ ಅವರ ಮನೆಗೇ ಹೋಗಿ ತಿದ್ದಿ ಹೇಳಬೇಕಾಯಿತು. ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಅಂದಿನಿಂದ ಯಾತ್ರೆಗೆ ಹೊರಡುವ ಮೊದಲು ಒಂದಿಷ್ಟು ಓದಿಕೊಂಡು ಹೋಗುವ ಅಭ್ಯಾಸ ಮಾಡಿಕೊಂಡೆ. ಮಕ್ಕಳನ್ನು ಕ್ಷೇತ್ರಗಳಿಗೆ ಕರೆದೊಯ್ಯುವ ತಂದೆತಾಯಿಯರಿಗೆ, ಅಜ್ಜ ಅಜ್ಜಿಯರಿಗೆ ಉಪಯೋಗವಾಗಲಿ ಎಂದು ಅದರಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೂರ್ತಿ ಮೇಲಕ್ಕೆ ಬರಲಿಲ್ಲ, ಅಲ್ಲೇ ಇತ್ತು

ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯನ್ನು ಎಲ್ಲಿಂದಲೂ ತರಲಿಲ್ಲ. ವಿಂಧ್ಯಗಿರಿಯ ನೆತ್ತಿಯ ಮೇಲಿದ್ದ ಬಂಡೆಯನ್ನೇ ನಿಂತಲ್ಲಿ ಕಡೆದು ಮೂರ್ತಿ ಮಾಡಿದ್ದಾರೆ. ಬೇಡವಾದ ಕಲ್ಲನ್ನೆಲ್ಲ ಸುತ್ತಲಿನಿಂದ ತೆಗೆದುಹಾಕಿದರು, ಸ್ವಾಮಿ ಉಳಿದರು. ಮಕ್ಕಳಿಗೆ ಹೀಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಗಂಗರ ದೊರೆ ರಾಚಮಲ್ಲನ ಮಂತ್ರಿ ಮತ್ತು ಸೇನಾಪತಿಯಾಗಿದ್ದ ಚಾವುಂಡರಾಯ ಇದನ್ನು ಮಾಡಿಸಿದ. ಪ್ರತಿಷ್ಠೆಯಾದದ್ದು ಕ್ರಿ.ಶ. 981ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪಿಕೊಂಡಿದ್ದಾರೆ. ಸಾವಿರ ವರ್ಷದ ಮಹಾಮಸ್ತಕಾಭಿಷೇಕ 1981ರಲ್ಲಿ ನಡೆದದ್ದು ಅದೇ ಲೆಕ್ಕದಲ್ಲಿ. ಚಾವುಂಡರಾಯ ಬರೀ ಯೋಧನಲ್ಲ, ಕನ್ನಡ ಗದ್ಯದಲ್ಲಿ ಪುರಾಣ ಬರೆದ ಗ್ರಂಥಕರ್ತನೂ ಹೌದು.

ಎತ್ತರ ಸುಮಾರು 58 ಅಡಿ ಎಂದು ಎಲ್ಲರಿಗೂ ಬಾಯಿಪಾಠ. ಆದರೆ 58 ಅಡಿ ಎಂದರೆ ಎಷ್ಟು ಎಂಬುದು ಮಕ್ಕಳಿಗೆ ಹೊಳೆಯುವುದಿಲ್ಲ. ಅಳತೆ ತೆಗೆದವರು ಬರೆದಿಟ್ಟ ಪ್ರಕಾರ ಸ್ವಾಮಿಯ ಒಂದು ಪಾದದ ಉದ್ದ 9 ಅಡಿ, ಹೆಬ್ಬೆರಳು 2 ಅಡಿ 9 ಅಂಗುಲ, ಕೈಯ ನಡುಬೆರಳು 5 ಅಡಿ 3 ಅಂಗುಲ, ಭುಜದಿಂದ ಭುಜಕ್ಕೆ 26 ಅಡಿ. ನನ್ನದು ಬಟ್ಟೆ ಅಂಗಡಿ. ಒಂದು ದಿನ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಮೊಮ್ಮಗನನ್ನು ಕರೆದು, ಟೇಪು ಹಿಡಿದು, ನೆಲದ ಮೇಲೆ ಸೀಮೆಸುಣ್ಣದಿಂದ ಆ ಪಾದವನ್ನು ಬರೆದು ತೋರಿಸಿದೆ. ಅವನು ಅದರೊಳಗೆ ಉದ್ದಕ್ಕೆ ಮಲಗಿದ. ಇನ್ನೂ ಅರ್ಧದಷ್ಟು ಜಾಗ ಉಳಿದಿತ್ತು. ಭುಜದ ಅಳತೆ ಬರೆಯಲು ಅಂಗಡಿ ಸಾಲಲಿಲ್ಲ, ಬೀದಿಗೆ ಹೋಗಬೇಕಾಯಿತು. ನಿಮ್ಮ ಮನೆಯ ಅಂಗಳದಲ್ಲಿಯೂ ಇದನ್ನು ಮಾಡಿ ನೋಡಿ. ಯಾತ್ರೆಗೆ ಮೊದಲು ಮಾಡಿದರೆ ಇನ್ನೂ ಒಳ್ಳೆಯದು.

ಹತ್ತಿರ ನಿಂತಾಗ ಗಮನಿಸಬೇಕಾದದ್ದು ಇನ್ನೊಂದಿದೆ. ತೊಡೆಯವರೆಗೆ ಹುತ್ತ, ಹಾವು, ಬಳ್ಳಿಗಳ ಕೆತ್ತನೆ ಇದೆ. ಮೂರ್ತಿಗೆ ಆಸರೆಯೂ ಅಲ್ಲಿಯವರೆಗೆ ಮಾತ್ರ. ಅದರ ಮೇಲಿನ ಇಡೀ ದೇಹಕ್ಕೆ ಹಿಂದಿನಿಂದ ಯಾವ ಆಧಾರವೂ ಇಲ್ಲ. ಕಾಯೋತ್ಸರ್ಗದಲ್ಲಿ ಅಲುಗದೆ ನಿಂತದ್ದರಿಂದ ಬಳ್ಳಿ ಹಬ್ಬಿತು ಎಂಬ ಕಥೆಯನ್ನು ಹೇಳುತ್ತಲೇ, ಶಿಲ್ಪಿ ಅದೇ ಹುತ್ತವನ್ನು ಮೂರ್ತಿಯ ಭಾರ ಹೊರುವ ಜಾಗವನ್ನಾಗಿಯೂ ಮಾಡಿಕೊಂಡಿದ್ದಾನೆ. ಮೇಲೆ ಚಾವಣಿಯಿಲ್ಲ. ಬಿಸಿಲು, ಮಳೆ, ಗಾಳಿಗೆ ಸಾವಿರ ವರ್ಷ ಮೈಯೊಡ್ಡಿ ನಿಂತಿರುವುದು ಗಟ್ಟಿ ಗ್ರಾನೈಟ್ ಆದ್ದರಿಂದ.

ಪಾದದ ಬಳಿ ಇಕ್ಕೆಲಗಳಲ್ಲಿ ಚಿಕ್ಕ ಶಾಸನಗಳಿವೆ. ಚಾವುಂಡರಾಯ ಮಾಡಿಸಿದ ಎಂಬ ಒಂದೇ ಮಾತನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ದೂರದೂರದಿಂದ ಬರುವ ಯಾತ್ರಿಕರಿಗೆ ಅರ್ಥವಾಗಲಿ ಎಂದು ಮಾಡಿದ ಬೋರ್ಡು ಎಂದೇ ಮಕ್ಕಳಿಗೆ ಹೇಳಬಹುದು. ಸುತ್ತಾಲಯವನ್ನು ಕಟ್ಟಿಸಿದವನು ನೂರಕ್ಕೂ ಹೆಚ್ಚು ವರ್ಷಗಳ ನಂತರ ಬಂದ ಗಂಗರಾಜ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಅಂದರೆ ಅಲ್ಲಿಯವರೆಗೆ ಸ್ವಾಮಿಯ ಸುತ್ತ ಈಗಿನ ಆವರಣ ಇರಲಿಲ್ಲ.

ಹತ್ತುವಾಗ ಸಿಗುವ ಅಖಂಡ ಬಾಗಿಲನ್ನು ಹೆಚ್ಚಿನವರು ಏದುಸಿರು ಬಿಡುತ್ತಾ ದಾಟಿ ಹೋಗುತ್ತಾರೆ. ಅದು ಕಲ್ಲು ಜೋಡಿಸಿ ಕಟ್ಟಿದ ಬಾಗಿಲಲ್ಲ, ಒಂದೇ ಬಂಡೆಯಲ್ಲಿ ಕೊರೆದದ್ದು. ಹೆಸರು ಬಂದದ್ದೂ ಅದರಿಂದ. ಮೇಲೆ ಗಜಲಕ್ಷ್ಮಿ ಇದ್ದಾಳೆ. ಹಾಗೆಯೇ ತ್ಯಾಗದ ಕಂಬ. ಅದರ ಬುಡದ ಅಡಿಯಲ್ಲಿ ಬಟ್ಟೆ ತೂರಿಸಿ ಆ ಕಡೆಯಿಂದ ಎಳೆಯಬಹುದಿತ್ತು ಎಂಬುದು ಪ್ರತೀತಿ. ಬಟ್ಟೆ ವ್ಯಾಪಾರಿಯಾದ ನನಗೆ ಕೈ ತುರಿಸಿದ್ದು ನಿಜ, ಪ್ರಯತ್ನ ಮಾಡಲಿಲ್ಲ.

"ಅವರು ಬರೆದಿದ್ದಾರಲ್ಲ, ನಾವೂ ಬರೀಬಹುದಾ?"

ಚಿಕ್ಕಬೆಟ್ಟದ ಬಂಡೆಯ ಮೇಲೆ ನಡೆಯುವಾಗ ಕಾಲಡಿ ನೋಡಿಕೊಂಡು ನಡೆಯಬೇಕು. ಶ್ರವಣಬೆಳಗೊಳದಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಅವುಗಳಲ್ಲಿ ಬಹಳ ಹಳೆಯವು ಚಂದ್ರಗಿರಿಯ ನೆಲದ ಬಂಡೆಯಲ್ಲೇ ಇವೆ. ಸಲ್ಲೇಖನ ಕೈಗೊಂಡ ಮುನಿಗಳ, ಶ್ರಾವಕ ಶ್ರಾವಕಿಯರ ನೆನಪಿಗಾಗಿ ಕೆತ್ತಿದವು. ರಾಜರ ದಾನ, ಯುದ್ಧಗಳ ಶಾಸನಗಳ ಜೊತೆಗೆ ಸಾಮಾನ್ಯ ಯಾತ್ರಿಕರು ಬರೆಸಿದವೂ ಇವೆ. ಉತ್ತರದಿಂದ ಬಂದ ನಮ್ಮಂಥ ವ್ಯಾಪಾರಿಗಳು ಮಹಾಜನಿ ಲಿಪಿಯಲ್ಲಿ ಬರೆಸಿಟ್ಟು ಹೋಗಿದ್ದಾರೆ.

ಇದನ್ನು ಹೇಳಿದಾಗ ಒಬ್ಬ ಹುಡುಗ, "ಹಾಗಾದ್ರೆ ನಾವೂ ಹೆಸರು ಬರೀಬಹುದಾ ತಾತ?" ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹೀಗೆ: ಅಂದು ಅದು ಯಾತ್ರೆಯ ದಾಖಲೆ. ಇಂದು ಅದೇ ಬಂಡೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸಂರಕ್ಷಿತ ಸ್ಮಾರಕವನ್ನು ಗೀಚಿ ಕೆಡಿಸಿದರೆ ಕಾನೂನಿನ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಹಳೆಯ ಅಕ್ಷರದ ಮೇಲೆ ಇಂದು ಬೀಗದ ಕೈಯಿಂದ ಗೀಚಿದರೆ ಸಾವಿರದ ಮುನ್ನೂರು ವರ್ಷ ಉಳಿದ ಒಬ್ಬ ತಪಸ್ವಿಯ ಹೆಸರು ಓದಲಾಗದೆ ಹೋಗಬಹುದು. ದೊಡ್ಡವರೇ ಮಕ್ಕಳನ್ನು ಎತ್ತಿ ಹಿಡಿದು ಕಂಬದ ಮೇಲೆ ಹೆಸರು ಬರೆಸುವುದನ್ನು ನಾನು ಬೇರೆ ಬೇರೆ ಕ್ಷೇತ್ರಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಬೇಡವೆಂದು ಹೇಳಿದ್ದಕ್ಕೆ ಬೈಸಿಕೊಂಡದ್ದೂ ಇದೆ.

ಹಾಗಾದರೆ ಎಳೆದು ತಂದದ್ದು ಯಾವುದು?

ಕಾರ್ಕಳದ ಗೊಮ್ಮಟ. ನನ್ನ ಉತ್ತರ ಆ ಊರಿಗಾದರೆ ಸ್ವಲ್ಪ ಹತ್ತಿರವಾಗುತ್ತಿತ್ತು. 42 ಅಡಿಯ ಈ ಮೂರ್ತಿಯನ್ನು ಭೈರರಸ ಮನೆತನದ ವೀರಪಾಂಡ್ಯ 1432ರಲ್ಲಿ ಪ್ರತಿಷ್ಠೆ ಮಾಡಿಸಿದ. ಬೇರೆ ಕಡೆ ಕಡೆದ ಮೂರ್ತಿಯನ್ನು ಗಾಲಿಗಳ ಬಂಡಿಯ ಮೇಲಿಟ್ಟು, ಜನರೇ ಸೇರಿ ಬೆಟ್ಟದ ಇಳಿಜಾರಿನಲ್ಲಿ ಮೇಲಕ್ಕೆ ಎಳೆದು ತಂದರೆಂದು ಪರಂಪರೆ ಹೇಳುತ್ತದೆ. ಆನೆಯ ಮಾತಿಲ್ಲ, ಜನರ ಮಾತೇ ಇರುವುದು. ವೇಣೂರಿನ 35 ಅಡಿಯ ಮೂರ್ತಿ 1604ರದ್ದು, ತಿಮ್ಮಣ್ಣ ಅಜಿಲ ಮಾಡಿಸಿದ್ದು. ಅದು ಬೆಟ್ಟದ ಮೇಲಿಲ್ಲ, ಫಲ್ಗುಣಿ ನದಿಯ ದಡದ ಊರಿನಲ್ಲಿ ಸಮನೆಲದ ಮೇಲಿದೆ.

ನಮ್ಮ ಕಾಲದಲ್ಲೇ ಇಂಥದ್ದು ಒಮ್ಮೆ ನಡೆದಿದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದ ಬಳಿ ಕಡೆದರು. 1973ರಲ್ಲಿ ಅದನ್ನು ದೊಡ್ಡ ಟ್ರಾಲಿಯ ಮೇಲೆ ಮಲಗಿಸಿ ರಸ್ತೆ ಮಾರ್ಗವಾಗಿ ಧರ್ಮಸ್ಥಳಕ್ಕೆ ತಂದರು; 1982ರಲ್ಲಿ ಪ್ರತಿಷ್ಠೆಯಾಯಿತು. ಕಾರ್ಕಳ, ಮೂಡುಬಿದಿರೆ ಕಡೆಯ ಹಿರಿಯರು ಯಾರಾದರೂ ಸಿಕ್ಕರೆ ಮಕ್ಕಳ ಕೈಲಿ ಈ ಪ್ರಶ್ನೆ ಕೇಳಿಸಿ. ಆ ಮೆರವಣಿಗೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ.

ಕಾರ್ಕಳದಲ್ಲೇ ಗೊಮ್ಮಟಬೆಟ್ಟದ ಎದುರಿನ ಚಿಕ್ಕ ಬಂಡೆಯ ಮೇಲೆ ಚತುರ್ಮುಖ ಬಸದಿ ಇದೆ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು, 108 ಕಂಬಗಳದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಿಂದ ನೋಡಿದರೂ ಅರನಾಥ, ಮಲ್ಲಿನಾಥ, ಮುನಿಸುವ್ರತನಾಥ ಈ ಮೂವರೇ ಕಾಣುತ್ತಾರೆ. ಮಕ್ಕಳನ್ನು ನಾಲ್ಕು ಬಾಗಿಲಿಗೆ ಒಬ್ಬೊಬ್ಬರಂತೆ ನಿಲ್ಲಿಸಿ ಏನು ಕಂಡಿತು ಎಂದು ಕೇಳಿ. ಎಲ್ಲರೂ ಒಂದೇ ಉತ್ತರ ಕೊಟ್ಟು, ತಾವು ನಿಂತದ್ದೇ ಮುಂಬಾಗಿಲು ಎಂದು ಜಗಳವಾಡುತ್ತಾರೆ. ಹಾಗೆಂದು ಎಲ್ಲ ಕಡೆಯೂ ಪೂರ್ತಿ ಒಂದೇ ಅಲ್ಲ. ಪಶ್ಚಿಮದ ಕಡೆ ಇಪ್ಪತ್ನಾಲ್ಕು ತೀರ್ಥಂಕರರ ಚಿಕ್ಕ ಬಿಂಬಗಳೂ ಇವೆ.

ಮೂಡುಬಿದಿರೆಯಲ್ಲಿ ಜಿರಾಫೆ

ಸಾವಿರ ಕಂಬದ ಬಸದಿಗೆ ಹೋದ ಮಕ್ಕಳ ಮೊದಲ ಕೆಲಸ ಕಂಬ ಎಣಿಸುವುದು. ನೂರು ದಾಟುವ ಮೊದಲೇ ಲೆಕ್ಕ ತಪ್ಪುತ್ತದೆ. ಚಿಕ್ಕದು, ದೊಡ್ಡದು, ಗೋಡೆಗೆ ಅಂಟಿದ್ದು, ಕೆತ್ತನೆಯೊಳಗಿನದು ಎಲ್ಲ ಸೇರಿ ಸಾವಿರ ಎಂಬುದು ರೂಢಿಯ ಮಾತು. ಎಣಿಸುವುದಕ್ಕಿಂತ ಒಂದರಂತೆ ಇನ್ನೊಂದಿದೆಯೇ ಎಂದು ಹುಡುಕಲು ಹೇಳಿ, ಅದು ಒಳ್ಳೆಯ ಆಟ. ಹೆಚ್ಚುಕಡಿಮೆ ಇದೇ ಶತಮಾನದಲ್ಲಿ ರಾಜಸ್ಥಾನದ ರಾಣಕ್‌ಪುರದಲ್ಲಿ ಧರಣಾಶಾಹ ಎಂಬ ಶ್ರೀಮಂತ ಕಟ್ಟಿಸಿದ ಆದಿನಾಥ ಮಂದಿರದ ಕಂಬಗಳ ಲೆಕ್ಕ 1444 ಎನ್ನುತ್ತಾರೆ. ಅಲ್ಲಿಯೂ ಒಂದರಂತೆ ಒಂದಿಲ್ಲ ಎಂಬ ಹೆಮ್ಮೆಯ ಮಾತೇ ಇದೆ.

ತ್ರಿಭುವನ ತಿಲಕ ಚೂಡಾಮಣಿ ಎಂಬುದು ಈ ಬಸದಿಯ ನಿಜವಾದ ಹೆಸರು. 1430ರಲ್ಲಿ ಕಟ್ಟಿದ್ದು, ಅಂದರೆ ಕಾರ್ಕಳದ ಗೊಮ್ಮಟನಿಗಿಂತ ಎರಡೇ ವರ್ಷ ದೊಡ್ಡದು. ಒಳಗೆ ಸುಮಾರು 8 ಅಡಿಯ ಪಂಚಲೋಹದ ಚಂದ್ರನಾಥ ಸ್ವಾಮಿ. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳಲ್ಲಿ ಮರ, ಅದರ ಮೇಲೆ ಇಳಿಜಾರು ಮಾಡು. ಬಯಲುಸೀಮೆಯಿಂದ ಹೋದ ಮಕ್ಕಳು ಇದೇಕೆ ನಮ್ಮ ಕಡೆಯ ಬಸದಿಗಳಂತಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ಜುಲೈ ತಿಂಗಳಲ್ಲಿ ಒಂದು ದಿನ ಮೂಡುಬಿದಿರೆಯಲ್ಲಿದ್ದರೆ ಸಾಕು, ಆ ಮಳೆಯೇ ಉತ್ತರ ಹೇಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಭೈರಾದೇವಿ ಮಂಟಪದ ತಳಪಟ್ಟಿ. ಬಗ್ಗಿ ನೋಡಬೇಕು. ಅಲ್ಲಿ ಜಿರಾಫೆಯ ಕೆತ್ತನೆ ಇದೆ, ಚೀನಾದ ಡ್ರ್ಯಾಗನ್ ಕೂಡ ಇದೆ. ಆಫ್ರಿಕಾದ ಪ್ರಾಣಿ ತುಳುನಾಡಿನ ಬಸದಿಗೆ ಹೇಗೆ ಬಂತು? ಆಗ ನಮ್ಮ ಕರಾವಳಿಯ ಬಂದರುಗಳಿಗೆ ಅರಬ್, ಆಫ್ರಿಕಾ, ಚೀನಾಗಳ ಜೊತೆ ಸಮುದ್ರ ವ್ಯಾಪಾರವಿತ್ತು. ಮೆಣಸು, ಅಕ್ಕಿ ಹೋಗುತ್ತಿತ್ತು. ಕುದುರೆ, ರೇಷ್ಮೆ ಬರುತ್ತಿತ್ತು. ಸರಕಿನ ಜೊತೆ ಸುದ್ದಿಯೂ ಬಂದಿರಬೇಕು. ಉದ್ದ ಕತ್ತಿನ ಪ್ರಾಣಿಯ ವರ್ಣನೆ ಕೇಳಿಯೋ ಚಿತ್ರ ನೋಡಿಯೋ ಶಿಲ್ಪಿ ಅದನ್ನು ಕೆತ್ತಿರಬೇಕು ಎಂದು ನಾನು ಅಂದುಕೊಳ್ಳುತ್ತೇನೆ.

ಬಸದಿಯ ಮುಂದಿನ ಒಂಟಿ ಕಂಬ ಮಾನಸ್ತಂಭ. ಮಾನ ಎಂದರೆ ಇಲ್ಲಿ ಅಹಂಕಾರ. ಸಮವಸರಣದಲ್ಲಿ ಇದನ್ನು ಕಂಡವರ ಅಹಂಕಾರ ಇಳಿಯುತ್ತಿತ್ತು ಎಂಬ ನಂಬಿಕೆಯಿಂದ ಒಳಹೋಗುವ ಮೊದಲೇ ಇದು ಸಿಗುತ್ತದೆ. ಮೇಲೆ ನಾಲ್ಕು ದಿಕ್ಕಿಗೂ ಜಿನಬಿಂಬಗಳಿರುತ್ತವೆ. ತುದಿಯಲ್ಲಿ ಯಕ್ಷ ಕುಳಿತಿದ್ದರೆ ಅದು ಬ್ರಹ್ಮದೇವ ಸ್ತಂಭ, ಮಾನಸ್ತಂಭವಲ್ಲ. ಎಷ್ಟೋ ಜನ ದೊಡ್ಡವರೂ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಗುರುಬಸದಿಯ ವಿಷಯವನ್ನೂ ಹೇಳದೆ ಬರಬೇಡಿ. ಧವಲಾ, ಜಯಧವಲಾ, ಮಹಾಬಂಧ ಗ್ರಂಥಗಳ ತಾಳೆಗರಿಗಳು ನೂರಾರು ವರ್ಷ ಉಳಿದದ್ದು ಅಲ್ಲಿ. ಅವನ್ನು ಕಾದಿಟ್ಟವರಿಲ್ಲದಿದ್ದರೆ ಷಟ್ಖಂಡಾಗಮ ಇಂದು ನಮ್ಮ ಕೈಗೆ ಸಿಗುತ್ತಿರಲಿಲ್ಲ.

ದಾರಿಯಲ್ಲಿ ಸಿಗುವ ಇನ್ನಷ್ಟು

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತುತ್ತಾರೆ. ಸ್ವಲ್ಪವೇ ದೂರದ ಬಸ್ತಿಹಳ್ಳಿಯಲ್ಲಿ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳಿಗೆ ಎಂಥ ಹೊಳಪು ಕೊಟ್ಟಿದ್ದಾರೆಂದರೆ ಮುಖ ಕಾಣುತ್ತದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಚರಕಿಗೆ ಕೊಟ್ಟ ಮರದಂತೆ ದುಂಡಗೆ ತಿರುವಲು ಸಾಧ್ಯವಾಯಿತು. ಬೆಳಗೊಳದಲ್ಲಿ ಸುತ್ತಾಲಯ ಕಟ್ಟಿಸಿದ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಅದೇ ಹೊತ್ತಿಗೆ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಜಯವೂ ಸಿಕ್ಕಿ, ಮಗನೂ ಹುಟ್ಟಿದ್ದರಿಂದ ಸ್ವಾಮಿಗೆ ವಿಜಯ ಪಾರ್ಶ್ವನಾಥ ಎಂಬ ಹೆಸರು ಬಂತು.

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಲ್ಲಿ ತಲೆ ಎತ್ತಿ ನೋಡಬೇಕು. ಚಾವಣಿಯ ಕಲ್ಲಿನ ಕಮಲಕ್ಕೆ 72 ಎಸಳು. ಏಕೆ 72 ಎಂದು ಮಕ್ಕಳನ್ನೇ ಕೇಳಿ. ಭೂತ, ವರ್ತಮಾನ, ಭವಿಷ್ಯ ಮೂರು ಕಾಲದ ಇಪ್ಪತ್ನಾಲ್ಕು ಎಂದು ಲೆಕ್ಕ ಹೇಳಿದವರಿಗೆ ಒಂದು ಪೆಪ್ಪರ್‌ಮೆಂಟು ಕೊಡುವುದು ನಮ್ಮ ತಂಡದ ಪದ್ಧತಿ.

ಐಹೊಳೆಯ ಮೇಗುತಿ ಜಿನಾಲಯ ನೋಡಲು ಸಾಧಾರಣವಾಗಿದೆ, ಪೂರ್ತಿಯಾಗಿಯೂ ಇಲ್ಲ. ಆದರೆ ಅದರ ಗೋಡೆಯಲ್ಲಿರುವ ಕ್ರಿ.ಶ. 634ರ ಶಾಸನವನ್ನು ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ಕಾಳಿದಾಸ ಆ ವರ್ಷಕ್ಕಿಂತ ಮೊದಲೇ ಇದ್ದ ಎಂದು ಇತಿಹಾಸಕಾರರು ಖಚಿತವಾಗಿ ಹೇಳುವುದು ಈ ಕಲ್ಲಿನ ಸಾಕ್ಷಿಯಿಂದ.

ಕಾರ್ಕಳದ ಕಡೆ ಹೋದವರು ವರಂಗದ ಕೆರೆ ಬಸದಿಯನ್ನು ತಪ್ಪಿಸಬೇಡಿ. ಕೆರೆಯ ನಡುವೆ ಇರುವುದರಿಂದ ದೋಣಿಯಲ್ಲೇ ಹೋಗಬೇಕು, ಮಕ್ಕಳಿಗೆ ಅದೇ ಹಬ್ಬ. ದೊಡ್ಡಬೆಟ್ಟಕ್ಕಾದರೆ ಬೆಳಗ್ಗೆಯೇ ಹೊರಡಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಹನ್ನೊಂದು ಗಂಟೆಯ ಮೇಲೆ ಬಂಡೆ ಕಾದ ಹೆಂಚಾಗುತ್ತದೆ. ಜೇಬಿನಲ್ಲಿ ಒಂದು ಅಳತೆ ಟೇಪು ಇರಲಿ. ಮುಟ್ಟಲು ಬಿಡುವುದಿಲ್ಲ, ಆದರೆ ಕೆಳಗಿಳಿದ ಮೇಲೆ ಕಲ್ಯಾಣಿಯ ಹತ್ತಿರ ನೆಲದಲ್ಲಿ 9 ಅಡಿ ಅಳೆದು ತೋರಿಸಬಹುದು.