ಬೆಳಕಿನ ಮಾಪಕಗಳೂ ಉಪಜ್ಞಾವಿವಾದವೂ

ಮಿರ್ಜಾನಕೋಟೆಯ ಗೋಡೆಗಳು ಜಂಬಿಟ್ಟಿಗೆಯವು. ಇಂತಹ ಕಲ್ಲಿನ ಮೇಲೆ ಮಟ್ಟಗೋಲನ್ನಿಟ್ಟು, ಅಡಿಯಲ್ಲಿ ನುಸುಳುವ ಬೆಳಕಿನಿಂದ ಏರುತಗ್ಗನ್ನರಿಯುವುದು ಕಲ್ಲುಕುಟಿಗರೆಲ್ಲರೂ ಬಲ್ಲ ಉಪಾಯ. ಸರ್ವರಿಗೂ ಸ್ಫುಟವಾದುದರಲ್ಲಿ ಒಬ್ಬನಿಗೇ ಸ್ವಾಮ್ಯವಿಲ್ಲವೆಂಬುದು ಪೇಟೆಂಟು ಶಾಸನದ ತತ್ತ್ವ. 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ ಈ ಸೀಮೆಗೆ 1911ರ ಶಾಸನವು ಅನ್ವಯಿಸುತ್ತಿದ್ದಿತು; ಘಟ್ಟದ ಮೇಲಣ ಮೈಸೂರು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ.

ಆದರೆ ಸ್ಫುಟವೆಂಬುದು ಯಾರಿಗೆ, ಯಾವಾಗ? ಪಾಣಿನಿಯ ‘ಉಪಜ್ಞಾ’ ಶಬ್ದವು ಮೊದಲು ಅರಿತವನ ಅರಿವನ್ನೇ ಸೂಚಿಸುವುದು. ಮೈಕೆಲ್ಸನ್ನನು 1881ರಲ್ಲಿ ಬೆಳಕನ್ನು ಎರಡಾಗಿ ಸೀಳಿ ಮರಳಿ ಕೂಡಿಸುವ ಯಂತ್ರವನ್ನು ರಚಿಸಿದನು. ಟ್ವೈಮನ್, ಗ್ರೀನ್ ಎಂಬವರು ಅದಕ್ಕೆ ಬಿಂದುದೀಪವನ್ನೂ ಕಿರಣಗಳನ್ನು ಸಮಾನಾಂತರಗೊಳಿಸುವ ಮಸೂರವನ್ನೂ ಸೇರಿಸಿ, ಮಸೂರ ಪಟ್ಟಕಗಳ ದೋಷವನ್ನು ಕಾಣಿಸುವ ಸಾಧನಕ್ಕೆ 1916ರಲ್ಲಿ ಬ್ರಿಟಿಷ್ ಪೇಟೆಂಟು ಪಡೆದರು. ಕನ್ನಡಿಯ ಮೈಯಲ್ಲಿ ಅರೆತರಂಗದಷ್ಟು ಏರುಪೇರಿದ್ದರೂ ಪಟ್ಟೆಯೊಂದು ಸರಿದು ತೋರುವುದು. ಕಂಡಮೇಲೆ ಇದು ಸುಲಭ. ನಡುವಣ ಮೂವತ್ತೈದು ವರ್ಷಗಳನ್ನು ಮರೆತು ಅಲ್ಪವೆನ್ನುವುದು ನ್ಯಾಯವಲ್ಲ.

ಇದೇ ಕುಲದ ಯಂತ್ರಗಳನ್ನು ಕುರಿತ ಝೈಗೋ–ವೈಕೋ ವ್ಯಾಜ್ಯದಲ್ಲಿ ಅಮೇರಿಕೆಯ ಮೇಲ್ಮನವಿ ನ್ಯಾಯಸ್ಥಾನವು 1996ರಲ್ಲಿ ವೈಕೋವಿನ ಮೊದಲ ಯಂತ್ರದಿಂದ ಸ್ವಾಮ್ಯೋಲ್ಲಂಘನೆಯಾಯಿತೆಂದೂ, ತಿದ್ದಿ ರಚಿಸಿದುದರಿಂದ ಆಗಲಿಲ್ಲವೆಂದೂ ವಿಂಗಡಿಸಿತು. ಭಾರತದ ನಿದರ್ಶನವು ಮಿರ್ಜಾಪುರದ್ದು (ಮಿರ್ಜಾನಕ್ಕೂ ಅದಕ್ಕೂ ನಾಮಸಾದೃಶ್ಯವಷ್ಟೆ). ಪಾತ್ರೆಗಳನ್ನು ತಿರುಗಣೆಯಲ್ಲಿ ಹಿಡಿದಿಡುವ ಸಾಧನದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, 1911ರ ಶಾಸನದ ಮೇರೆಗೇ, ಹಳೆಯ ಉಪಕರಣದ ಅಲ್ಪಪರಿಷ್ಕಾರವೆಂದು ತಳ್ಳಿಹಾಕಿತು. ಆ ವಿದ್ಯೆಯಲ್ಲಿ ನಿಪುಣನಾದವನಿಗೆ ಸ್ಫುಟವಾಗದಿರಬೇಕೆಂಬ ಲಕ್ಷಣವು 2002ರ ತಿದ್ದುಪಡಿಯಿಂದ ಶಾಸನದ ಪರಿಭಾಷೆಯಲ್ಲಿಯೇ ಸೇರಿತು.