ಸ್ಟೆಪ್ ಪ್ರತಿಕ್ರಿಯೆ ಸಿಮ್ಯುಲೇಶನ್

ವಿದ್ಯುನ್ಮಂಡಲಕ್ಕೆ ಕೊಟ್ಟ ವೋಲ್ಟೇಜು ಥಟ್ಟನೆ ಏರಿದಾಗ ಅಥವಾ ಅದರ ಸ್ವಿಚ್ಚನ್ನು ಹಾಕಿ ತೆಗೆದಾಗ ಒಳಗಿನ ವೋಲ್ಟೇಜು, ಪ್ರವಾಹಗಳು ಕಾಲಕ್ರಮದಲ್ಲಿ ಬದಲಾಗುವ ಬಗೆಯನ್ನು ತಂತ್ರಾಂಶದಿಂದ ಲೆಕ್ಕಹಾಕುವ ವಿಧಾನ. ಕ್ಷಣಿಕ ವಿಶ್ಲೇಷಣೆಯ ಒಂದು ಪ್ರಕಾರ. ಬಳಕೆಯಲ್ಲಿರುವ ಹಲವು ತಂತ್ರಾಂಶಗಳ ಮೂಲ, ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗೆಲ್ ಮತ್ತು ಡೊನಾಲ್ಡ್ ಪೀಡರ್ಸನ್ ರೂಪಿಸಿದ, 1973ರಲ್ಲಿ ಮಂಡಿತವಾದ ಸ್ಪೈಸ್.

1 ಕಿಲೋಓಮ್ ರೋಧಕ, 1 ಮೈಕ್ರೋಫ್ಯಾರಡ್ ಧಾರಕಗಳ ಸರಣಿಯ ಕಾಲಸ್ಥಿರಾಂಕ 1 ಮಿಲಿಸೆಕೆಂಡ್. ಅಷ್ಟರಲ್ಲಿ ಧಾರಕದ ವೋಲ್ಟೇಜು ಅಂತಿಮ ಬೆಲೆಯ ಶೇ. 63.2ನ್ನೂ, 5 ಮಿಲಿಸೆಕೆಂಡಿನಲ್ಲಿ ಶೇ. 99.3ನ್ನೂ ಮುಟ್ಟುತ್ತದೆ. ಸ್ಪೈಸ್‌ನ ಸ್ವಿಚ್ ನಿಜವಾದ ಸ್ವಿಚ್ಚಲ್ಲ, ನಿಯಂತ್ರಕ ವೋಲ್ಟೇಜಿಗೆ ತಕ್ಕಂತೆ ಎರಡು ಬೆಲೆಗಳ ನಡುವೆ ಹೊರಳುವ ರೋಧ. ಹಾಕಿದಾಗ ಅದು ಸೊನ್ನೆಯಾಗದು, ತೆಗೆದಾಗ ಅನಂತವಾಗದು. ಇವೆರಡರ ಅಂತರ ಅತಿಯಾದರೆ ಲೆಕ್ಕ ಒಮ್ಮುಖವಾಗದೆ ನಿಲ್ಲಬಹುದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪ್ರೇರಕದ ಪ್ರವಾಹವನ್ನು ಥಟ್ಟನೆ ಕಡಿದಾಗ ತಂತ್ರಾಂಶ ಬಳಸುವ ಟ್ರೆಪಿಜಾಯ್ಡಲ್ ಎಂಬ ಅನುಕಲನ ಸೂತ್ರವು ಮಂಡಲದಲ್ಲಿ ಇಲ್ಲದ ಆಂದೋಲನವನ್ನೂ ತೋರಿಸಬಹುದು. ಗಿಯರ್ ಎಂಬ ಇನ್ನೊಂದು ಅನುಕಲನ ಸೂತ್ರ ಅದನ್ನು ಅಡಗಿಸುತ್ತದೆ.

ಇಂಥ ಲೆಕ್ಕಕ್ಕೆ ಬಳಸಬಹುದಾದ, ಮುಂಬಯಿ ಐಐಟಿಯ ಫಾಸ್ಸಿ ಯೋಜನೆ ಸಿದ್ಧಪಡಿಸಿದ ಇ-ಸಿಮ್, ಎನ್‌ಜಿಸ್ಪೈಸ್ ಎಂಬ ಸ್ಪೈಸ್ ರೂಪ ಮತ್ತು ಮಂಡಲದ ನಕ್ಷೆ ಬರೆಯುವ ಕಿಕ್ಯಾಡ್‌ಗಳನ್ನು ಆಧರಿಸಿದ ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ.